ಬಿಸಿಲು ಮತ್ತು ಶಾಲೆಯ ಮಕ್ಕಳು: ಶಾಲೆಯ ಹೊಣೆ, ಮನೆಯ ಹೊಣೆ

ಶಿವರಾತ್ರಿ ಕಳೆಯಿತೆಂದರೆ ರೋಣ ಸೀಮೆಯ ಎರೆಹೊಲಗಳಲ್ಲಿ ಜೋಳ, ಗೋದಿ, ಕಡಲೆಯ ಸುಗ್ಗಿ ಮುಗಿಯುತ್ತ ಬರುತ್ತದೆ. ಹೊಲ ಬರಿದಾಗಿ ನೆಲ ಬಿರಿಯುತ್ತದೆ. ಬೆಳವಣಕಿ ಮತ್ತು ಸುತ್ತಲಿನ ಊರುಗಳಲ್ಲಿ ಮಾರ್ಚ್ ಕೊನೆ ಹಾಗೂ ಏಪ್ರಿಲ್ ಹೊತ್ತಿಗೆ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಬರುತ್ತದೆ. ಮಕ್ಕಳ ವಾರ್ಷಿಕ ಪರೀಕ್ಷೆಗಳು ನಡೆಯುವುದೂ ಇದೇ ದಿನಗಳಲ್ಲಿ.

ನಮ್ಮ ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯ ವಾರದವರೆಗೆ ಬೇಸಿಗೆ ರಜೆ ಇರುತ್ತದೆ. ಮಕ್ಕಳನ್ನು ಬಿಸಿಲಿನಿಂದ ಕಾಯುವ ಅತಿ ಹಳೆಯ ವ್ಯವಸ್ಥೆ ಈ ರಜೆಯೇ. ಆದರೆ ಮಾರ್ಚ್ ತಿಂಗಳು, ಏಪ್ರಿಲ್ ಮೊದಲ ದಿನಗಳು ಮತ್ತು ಮಳೆ ತಡವಾದ ವರ್ಷ ಜೂನ್ ಮೊದಲ ವಾರಗಳು ರಜೆಯ ಹೊರಗೆ ಉಳಿಯುತ್ತವೆ. ಅಂಗನವಾಡಿಯ ಕೂಸುಗಳಿಗಂತೂ ಶಾಲೆಯಷ್ಟು ದೀರ್ಘ ರಜೆ ಇಲ್ಲ. ಈ ದಿನಗಳಲ್ಲಿ ಮಗುವನ್ನು ಕಾಯುವುದು ಹೇಗೆ ಎಂಬುದನ್ನು ಪಾಲಕರು ಮತ್ತು ಶಿಕ್ಷಕರು ಇಬ್ಬರೂ ತಿಳಿದಿರಬೇಕು.

ಮಕ್ಕಳಿಗೇ ಹೆಚ್ಚು ತೊಂದರೆ ಏಕೆ?

ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ಆ ಶಾಖ ಅವರ ಮೈಯನ್ನು ಬೇಗ ಸೇರುತ್ತದೆ. ಅವರು ದೊಡ್ಡವರಷ್ಟು ಬೆವರುವುದಿಲ್ಲ. ಮೈಯನ್ನು ತಂಪು ಮಾಡುವುದು ಬೆವರೇ ಆದ್ದರಿಂದ ಅವರ ಮೈ ತಣಿಯುವುದು ನಿಧಾನ.

ಇನ್ನೊಂದು ಮುಖ್ಯ ಕಾರಣವಿದೆ. ಮಗು ಆಟದಲ್ಲಿ ಮೈಮರೆತಾಗ ಬಾಯಾರಿಕೆ ಅದರ ಗಮನಕ್ಕೆ ಬರುವುದಿಲ್ಲ. ತರಗತಿಯಲ್ಲಿ ಬಾಯಾರಿದರೂ ಎದ್ದು ಕೇಳಲು ಅಂಜುತ್ತದೆ. ಹೀಗಾಗಿ ಮಗು ಕೇಳಲಿ ಎಂದು ಕಾಯದೆ ದೊಡ್ಡವರೇ ನೀರು ಕುಡಿಸಬೇಕು, ನೆರಳಿಗೆ ಕರೆಯಬೇಕು. ಈ ಲೇಖನದ ಸಾರ ಇಷ್ಟೇ.

ಶಾಲೆಯಲ್ಲಿ ಇರಬೇಕಾದ ವ್ಯವಸ್ಥೆ

1. ವೇಳೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ನಡೆಸುವ ಪದ್ಧತಿ ಹಲವು ವರ್ಷಗಳಿಂದ ಬಂದಿದೆ. ಬಾಗಲಕೋಟೆ ಜಿಲ್ಲೆ ನಮ್ಮ ರೋಣ ತಾಲ್ಲೂಕಿಗೆ ಹೊಂದಿಕೊಂಡೇ ಇದೆ. ಬಿಸಿಲಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ದೊಡ್ಡವರ ಕೆಲಸಕ್ಕೇ ವೇಳೆ ಬದಲಿಸುವಾಗ ಮಕ್ಕಳ ಆಟ, ಕವಾಯತು, ಪ್ರಾರ್ಥನೆಗೂ ವೇಳೆ ನೋಡುವುದು ನ್ಯಾಯ. ಬಯಲಿನ ಆಟಗಳು ಬೆಳಿಗ್ಗೆಯೇ ಮುಗಿಯಲಿ. 12ರಿಂದ 3 ಗಂಟೆಯವರೆಗೆ ಮಕ್ಕಳು ಬಯಲಿಗೆ ಬರಬಾರದು. ಶನಿವಾರದ ಬೆಳಗಿನ ಶಾಲೆಯ ಅನುಕೂಲ ಎಲ್ಲರಿಗೂ ಗೊತ್ತಿರುವುದೇ.

2. ನೆರಳು ಮತ್ತು ಗಾಳಿ. ಪ್ರಾರ್ಥನೆಯನ್ನು ಬೇವಿನ ಮರದ ನೆರಳಲ್ಲಿ ಇಲ್ಲವೆ ಪಡಸಾಲೆಯಲ್ಲಿ ಮಾಡಿ ಬೇಗ ಮುಗಿಸಬೇಕು. ನಮ್ಮ ಭಾಗದ ಮಣ್ಣಿನ ಮೇಲ್ಮುದ್ದೆಯ ಮನೆಗಳು ಬೇಸಿಗೆಯಲ್ಲೂ ತಂಪಾಗಿರುತ್ತವೆ. ದಪ್ಪನೆಯ ಮಣ್ಣು ಶಾಖವನ್ನು ತಡವಾಗಿ ಒಳಗೆ ಬಿಡುವುದೇ ಇದಕ್ಕೆ ಕಾರಣ. ತಗಡು ಮತ್ತು ಸಿಮೆಂಟ್ ಸ್ಲ್ಯಾಬಿನ ಕೋಣೆಗಳಲ್ಲಿ ಈ ಅನುಕೂಲವಿಲ್ಲ. ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗಿ ಕೋಣೆ ಅಷ್ಟು ಕಾಯುವುದಿಲ್ಲ, ಖರ್ಚೂ ಕಡಿಮೆ. ತಗಡಿನ ಕೋಣೆ ಇದ್ದರೆ ಮಧ್ಯಾಹ್ನ ಆ ತರಗತಿಯನ್ನು ಬೇರೆಡೆ ಕೂರಿಸುವುದು ಒಳ್ಳೆಯದು.

3. ನೀರಿನ ಗಂಟೆ. 2019ರಲ್ಲಿ ಕೇರಳದ ಕೆಲವು ಶಾಲೆಗಳು ಪಾಠದ ನಡುವೆ ನೀರು ಕುಡಿಯಲೆಂದೇ ಗಂಟೆ ಬಾರಿಸಲು ಆರಂಭಿಸಿದವು. ಇದನ್ನು 'ವಾಟರ್ ಬೆಲ್' ಎಂದು ಕರೆದರು. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕದ ಅಂದಿನ ಶಿಕ್ಷಣ ಸಚಿವರಾದ ಎಸ್. ಸುರೇಶ್‌ಕುಮಾರ್ ಅವರು ನಮ್ಮ ಶಾಲೆಗಳಲ್ಲಿಯೂ ಇದನ್ನು ತರಲು ಮುಂದಾದರು. ಗಂಟೆ ಬಾರಿಸಿದಾಗ ಎಲ್ಲ ಮಕ್ಕಳೂ ಒಟ್ಟಿಗೆ ಕುಡಿಯುತ್ತಾರೆ. ಅಂಜುವ ಮಗುವೂ ಕುಡಿಯುತ್ತದೆ. ಇದಕ್ಕೆ ಹಣ ಬೇಡ, ಗಂಟೆಯೊಂದಿದ್ದರೆ ಸಾಕು. ಆಟವಾಡುವಾಗ 20 ನಿಮಿಷಕ್ಕೊಮ್ಮೆ ಅರ್ಧದಿಂದ ಒಂದು ಲೋಟ ನೀರು ಕೊಡಬೇಕು.

4. ಶುದ್ಧ ನೀರು. ಮಾಳಿಗೆಯ ಮೇಲಿನ ಟಾಕಿಯ ನೀರು ಮಧ್ಯಾಹ್ನಕ್ಕೆ ಬಿಸಿಯಾಗುತ್ತದೆ, ಮಕ್ಕಳು ಅದನ್ನು ಕುಡಿಯುವುದಿಲ್ಲ. ಮಣ್ಣಿನ ಹರವಿಯಲ್ಲಿ ತುಂಬಿ, ಮುಚ್ಚಿ, ಉದ್ದ ಹಿಡಿಕೆಯ ಸೌಟಿನಿಂದ ತೆಗೆದುಕೊಟ್ಟರೆ ತಂಪೂ ಹೌದು, ಶುಚಿಯೂ ಹೌದು. ಗದಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬೇಸಿಗೆಯಲ್ಲಿ ಮಗು ಹೆಚ್ಚು ನೀರು ಕುಡಿಯುವುದರಿಂದ ನದಿ ನೀರಿನ ಯೋಜನೆಯ ನೀರನ್ನೋ ಶುದ್ಧೀಕರಣ ಘಟಕದ ನೀರನ್ನೋ ಬಳಸಬೇಕು.

5. ಬಿಸಿಯೂಟ. ಬರಿಹೊಟ್ಟೆಯ ಮಗು ಬಿಸಿಲಿಗೆ ಬೇಗ ಸೋಲುತ್ತದೆ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳಲ್ಲಿ ಬರ ಬಿದ್ದಾಗ, 2024ರ ಬೇಸಿಗೆ ರಜೆಯಲ್ಲಿಯೂ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡಲಾಯಿತು. ಇಂಥ ವರ್ಷ ಊಟಕ್ಕೆ ಹೋಗುವ ಮಗುವಿನ ತಲೆಗೆ ಟವೆಲ್, ಕಾಲಿಗೆ ಚಪ್ಪಲಿ ಇರುವಂತೆ ನೋಡುವುದು ಮನೆಯವರ ಕೆಲಸ.

ಹೆಣ್ಣುಮಕ್ಕಳ ವಿಷಯ

ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ಇದ್ದುಬಿಡುತ್ತಾರೆ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮುಂದೆ ಉರಿಮೂತ್ರ, ಹೊಟ್ಟೆನೋವು, ತಲೆಶೂಲೆ ಎಂದು ಆಸ್ಪತ್ರೆಗೆ ಬಂದಾಗ ಕಾರಣ ಗೊತ್ತಾಗುತ್ತದೆ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದೆ, ಒಳಗೆ ನೀರಿಲ್ಲದೆ ಗಂಟೆ ಎಷ್ಟು ಸಲ ಬಾರಿಸಿದರೂ ಪ್ರಯೋಜನವಿಲ್ಲ. ಶಾಲೆಯಲ್ಲಿ ಗಂಡು ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಹಾಗೂ ಸುರಕ್ಷಿತ ಕುಡಿಯುವ ನೀರು ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಪಾಲಕರು ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಕೇಳಬಹುದು, ಕೇಳಬೇಕು. ಮನೆಯಲ್ಲಿ ತಾಯಂದಿರು ಮಗಳನ್ನು "ಇವತ್ತು ಶಾಲೆಯಲ್ಲಿ ಎಷ್ಟು ಸಲ ನೀರು ಕುಡಿದೆ, ಎಷ್ಟು ಸಲ ಹೊರಗೆ ಹೋಗಿದ್ದೆ?" ಎಂದು ಸಮಾಧಾನದಿಂದ ವಿಚಾರಿಸಬೇಕು.

ಮನೆಯವರು ಮಾಡಬೇಕಾದದ್ದು

• ಬೆಳಿಗ್ಗೆ ಏನನ್ನಾದರೂ ತಿನ್ನಿಸಿಯೇ ಕಳಿಸಿರಿ. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ರೊಟ್ಟಿ, ಮೊಸರು ಒಳ್ಳೆಯವು. ಚಹ ಕುಡಿದು ಹೊರಟರೆ ಸಾಲದು.
• ಹತ್ತಿಯ, ತಿಳಿ ಬಣ್ಣದ, ಸಡಿಲ ಬಟ್ಟೆ ಹಾಕಿರಿ. ತಲೆಗೆ ಟೋಪಿ ಅಥವಾ ಟವೆಲ್ ಇರಲಿ.
• ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ನಡೆಸಬೇಡಿರಿ.
• ನೀರಿನ ಬಾಟಲಿ ಕೊಟ್ಟು, ಸಂಜೆ ಅದು ಖಾಲಿಯಾಗಿದೆಯೇ ನೋಡಿರಿ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ.
• ರಜೆಯಲ್ಲಿ ಮಧ್ಯಾಹ್ನದ ಕ್ರಿಕೆಟ್ ಆಟವನ್ನು ಸಂಜೆಗೆ ಮುಂದೂಡಿರಿ. ಬಾವಿ, ಕೆರೆ, ಕಾಲುವೆಗೆ ಮಕ್ಕಳನ್ನೇ ಈಜಲು ಕಳಿಸಬೇಡಿರಿ.
• ನಿಲ್ಲಿಸಿದ ಕಾರು, ಟೆಂಪೋ ಒಳಗೆ ಮಗುವನ್ನು ಒಂದು ಗಳಿಗೆಯೂ ಬಿಟ್ಟುಹೋಗಬೇಡಿರಿ.

ಈ ಮಕ್ಕಳ ಬಗ್ಗೆ ವಿಶೇಷ ಕಾಳಜಿ

ಇತ್ತೀಚೆಗೆ ವಾಂತಿಭೇದಿ ಅಥವಾ ಜ್ವರದಿಂದ ಎದ್ದ ಮಗು, ರಕ್ತಹೀನತೆ ಇರುವ ಮಗು, ಹೃದಯದ ತೊಂದರೆ ಇರುವ ಮಗು ಬಿಸಿಲನ್ನು ತಾಳಲಾರದು. ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಿಗಳು ಬೆವರನ್ನು ಕಡಿಮೆ ಮಾಡುತ್ತವೆ. ಹಾಗೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆದೊಯ್ಯುವವರು ಎಷ್ಟು ದಿನ ಆಟಕ್ಕೆ ಬಿಡಬಾರದು ಎಂಬುದನ್ನು ವೈದ್ಯರಿಂದ ಕೇಳಿಕೊಂಡು, ಶಾಲೆಯ ಗುರುಗಳಿಗೂ ತಿಳಿಸಬೇಕು.

ತೊಂದರೆಯ ಚಿಹ್ನೆಗಳು ಮತ್ತು ಮೊದಲ ಚಿಕಿತ್ಸೆ

ಬಿಸಿಲಿನ ಬಳಲಿಕೆ: ತುಂಬ ಬೆವರು, ಸುಸ್ತು, ತಲೆನೋವು, ತಲೆಸುತ್ತು, ಓಕರಿಕೆ, ಕಾಲು ಹಿಡಿದುಕೊಳ್ಳುವುದು. ಮಗುವನ್ನು ನೆರಳಿನಲ್ಲಿ ಮಲಗಿಸಿ ಬಟ್ಟೆ ಸಡಿಲಿಸಿರಿ. ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಿರಿ. ಓ.ಆರ್.ಎಸ್. ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿರಿ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಅರ್ಧ ಗಂಟೆಯಲ್ಲಿ ಮಗು ಚೇತರಿಸದಿದ್ದರೆ ಆಸ್ಪತ್ರೆಗೆ ತನ್ನಿರಿ.

ಬಿಸಿಲು ಬಡಿತ (ಉಷ್ಣಾಘಾತ): ಮೈ ಕೆಂಡದಂತೆ ಸುಡುವುದು, ಬಡಬಡಿಸುವುದು, ಗುರುತು ಹಿಡಿಯದಿರುವುದು, ಸೆಳವು, ಪ್ರಜ್ಞೆ ತಪ್ಪುವುದು. ಇದು ಪ್ರಾಣಾಪಾಯದ ಸ್ಥಿತಿ. ಬೆವರು ನಿಂತಿರಬಹುದು, ನಿಲ್ಲದೆಯೂ ಇರಬಹುದು. ಕೂಡಲೆ 108ಕ್ಕೆ ಫೋನ್ ಮಾಡಿರಿ. ವಾಹನ ಬರುವವರೆಗೆ ಸುಮ್ಮನೆ ಕೂರದೆ ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಹಾಕಿರಿ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಒದ್ದೆ ಬಟ್ಟೆ ಇಡಿರಿ. ದಾರಿಯಲ್ಲಿಯೂ ಇದನ್ನು ಬಿಡಬೇಡಿರಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಜ್ವರದ ಮಾತ್ರೆ ಈ ಉರಿಗೆ ಕೆಲಸ ಮಾಡುವುದಿಲ್ಲ. ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತ ಕೂತರೆ ಅಮೂಲ್ಯ ವೇಳೆ ಹಾಳಾಗುತ್ತದೆ. ಈ ಹೊತ್ತಿನಲ್ಲಿ ಮೊದಲ ಔಷಧಿ ತಣ್ಣೀರೇ.

ನೆನಪಿಡಿರಿ

ರಜೆ ಮುಗಿದು ಶಾಲೆ ತೆರೆದಾಗ ಮಗುವಿನ ಮೈ ಬಿಸಿಲಿನ ಆಟಕ್ಕೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಮೊದಲ ದಿನವೇ ಜೋರಾಗಿ ಓಡಿಸಬಾರದು. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವುದು ನಮ್ಮ ಊರುಗಳ ಹಳೆಯ ಪದ್ಧತಿ. ಅಲ್ಲಿ ಬಂದವರು ಕೇಳುವ ಮೊದಲೇ ನೀರು ಕೊಡುತ್ತಾರೆ. ಶಾಲೆಯ ಮಕ್ಕಳಿಗೂ ಹಾಗೆಯೇ ಕೊಡೋಣ. ಬಿಸಿಲನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಬಿಸಿಲಿನಿಂದ ಮಗು ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.