ಥಾಣೆ–ಡೊಂಬಿವಲಿ ಪರಿಸರದ ಕನ್ನಡ ಗ್ರಂಥಸಂಗ್ರಹಗಳು ಮತ್ತು ಪಾಡ್‌ಕಾಸ್ಟ್

ಥಾಣೆಯಿಂದ ಕಲ್ಯಾಣದವರೆಗಿನ ಪ್ರದೇಶವು ಗ್ರಂಥಾಲಯಗಳ ದೃಷ್ಟಿಯಿಂದ ಬರಡು ನೆಲವಲ್ಲ. ಕಲ್ಯಾಣದ ಸಾರ್ವಜನಿಕ ವಾಚನಾಲಯವು 1864ರಲ್ಲಿಯೂ ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯವು 1893ರಲ್ಲಿಯೂ ಸ್ಥಾಪಿತವಾದವು. ಡೊಂಬಿವಲಿಯ ಪೈ ಫ್ರೆಂಡ್ಸ್ ಲೈಬ್ರರಿಯು ಏರ್ಪಡಿಸಿದ ಪುಸ್ತಕ ವಿನಿಮಯದ ಮೇಳಗಳು ಇತ್ತೀಚಿನ ವರ್ಷಗಳಲ್ಲಿ ಜನರನ್ನು ಆಕರ್ಷಿಸಿವೆ. ಕನ್ನಡ ಪುಸ್ತಕಗಳ ಸ್ಥಿತಿ ಮಾತ್ರ ಬೇರೆ. ಮುಂಬಯಿಯ ಹಿರಿಯ ಕನ್ನಡ ಸಂಸ್ಥೆಗಳಾದ ಮೈಸೂರು ಅಸೋಸಿಯೇಷನ್ (1926) ಮತ್ತು ಕರ್ನಾಟಕ ಸಂಘ (1933) ಮಾಟುಂಗಾ–ಮಾಹಿಮ್ ಪರಿಸರದಲ್ಲಿ ನೆಲೆಗೊಂಡವು. ಓದುಗರಾದರೋ ಮನೆಯ ಬೆಲೆಯನ್ನು ಅನುಸರಿಸಿ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳತ್ತ ಸರಿದರು. ಅಲ್ಲಿ ಕನ್ನಡ ಪುಸ್ತಕಗಳು ಬಹುಮಟ್ಟಿಗೆ ಸಂಘಗಳ ಕಪಾಟುಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಉಳಿದಿವೆ.

ಈ ಸಂಗ್ರಹಗಳನ್ನು ಓದುಗರಿಗೆ ಪರಿಚಯಿಸಲು ಪಾಡ್‌ಕಾಸ್ಟ್ ನೆರವಾಗಬಲ್ಲುದೇ ಎಂಬುದು ಪ್ರಸ್ತುತ ಲೇಖನದ ವಿಚಾರ. 2004ರಲ್ಲಿ ಬಳಕೆಗೆ ಬಂದ ಈ ಹೆಸರು, ಅಂತರ್ಜಾಲದಲ್ಲಿ ಕಂತುಕಂತಾಗಿ ಪ್ರಕಟವಾಗುವ ಧ್ವನಿಮುದ್ರಿಕೆಗಳನ್ನು ಸೂಚಿಸುತ್ತದೆ. ಆಕಾಶವಾಣಿಯಂತೆ ಇದಕ್ಕೆ ನಿಗದಿತ ವೇಳೆಯಿಲ್ಲ. ಚಂದಾದಾರನಾದವನ ಮೊಬೈಲಿಗೆ ಹೊಸ ಕಂತು ತಾನಾಗಿ ಬಂದು ಸೇರುತ್ತದೆ. ಮಾತಿಗೆ ಸಾಲುವ ಸಾಧಾರಣ ಗುಣಮಟ್ಟದಲ್ಲಿ ಹತ್ತು ನಿಮಿಷದ ಧ್ವನಿಗೆ ಸುಮಾರು 5 ಎಂಬಿ ಸಾಕು. ಮುಂಬಯಿಯ ಐವಿಎಂ ಸಂಸ್ಥೆಯ ಮೂಲಕ 2018ರಲ್ಲಿ ಆರಂಭವಾದ ‘ತಲೆ-ಹರಟೆ’ಯು ಕನ್ನಡದಲ್ಲಿ ಈ ಮಾಧ್ಯಮಕ್ಕೆ ಶ್ರೋತೃಗಳಿರುವುದನ್ನು ತೋರಿಸಿಕೊಟ್ಟಿತು.

ಡೊಂಬಿವಲಿಯ ದಿನಚರಿಯನ್ನು ಬಲ್ಲವರಿಗೆ ಈ ಮಾಧ್ಯಮದ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಲೋಕಲ್ ಗಾಡಿಯಲ್ಲಿ ಪುಸ್ತಕ ಬಿಡಿಸುವುದಿರಲಿ, ಕೈಯನ್ನು ಮೇಲೆತ್ತುವುದೂ ಕಷ್ಟ. ಒಂದು ಗಂಟೆಗೂ ಮಿಕ್ಕಿದ ಆ ಪ್ರಯಾಣದಲ್ಲಿ ಕಿವಿಗಳು ಮಾತ್ರ ಬಿಡುವಾಗಿರುತ್ತವೆ.

ಆದರೆ ಧ್ವನಿಮುದ್ರಣವನ್ನೇ ಮೊದಲ ಹೆಜ್ಜೆಯೆಂದು ಭಾವಿಸುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಾನು ಒಂದು ಸಂಘದಲ್ಲಿ ಹಳೆಯ ಕಾದಂಬರಿಯೊಂದನ್ನು ಕೇಳಿದಾಗ ‘ಇಲ್ಲ’ವೆಂಬ ಉತ್ತರ ಬಂದಿತು. ಮರುವರ್ಷ ಅದೇ ಕಪಾಟಿನ ಹಿಂದಿನ ಸಾಲಿನಲ್ಲಿ ಆ ಪುಸ್ತಕ ಕಣ್ಣಿಗೆ ಬಿತ್ತು. ದಾಖಲೆ ಪುಸ್ತಕದಲ್ಲಿ ಅದು ‘ಇತರ’ ಎಂಬ ತಲೆಬರಹದಡಿ ಸೇರಿಹೋಗಿತ್ತು. ತನ್ನಲ್ಲಿ ಏನಿದೆಯೆಂದು ತಾನೇ ಅರಿಯದ ಸಂಗ್ರಹಕ್ಕೆ ಪ್ರಚಾರ ದೊರೆತರೆ, ಬಂದ ಓದುಗನು ಬರಿಗೈಯಲ್ಲಿ ಹಿಂದಿರುಗುವನು. ಎರಡನೆಯ ಸಲ ಅವನು ಬಾರನು.

ಆದುದರಿಂದ ಸೂಚಿಯೇ ಮೊದಲು ಆಗಬೇಕು, ಅದೂ ಕನ್ನಡ ಲಿಪಿಯಲ್ಲಿ. ರೋಮನ್ ಲಿಪಿಯಲ್ಲಿ ಬರೆದಾಗ ‘ಕಾರಂತ’ ಎಂಬ ಹೆಸರೊಂದೇ ಹಲವು ಕಾಗುಣಿತಗಳಲ್ಲಿ ಚದುರಿ, ಹುಡುಕುವವನಿಗೆ ಸಿಕ್ಕದೆ ಹೋಗುತ್ತದೆ. ಯೂನಿಕೋಡ್ ಬಳಕೆಗೆ ಬಂದಮೇಲೆ ಈ ತೊಡಕಿಗೆ ಕಾರಣವೇ ಉಳಿದಿಲ್ಲ. ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ 2000ದಲ್ಲಿ ಬಳಕೆಗೆ ಬಂದ ‘ಕೋಹಾ’ ತಂತ್ರಾಂಶವು ಉಚಿತ. ಅದೂ ಭಾರವೆನಿಸಿದರೆ ಅಂತರ್ಜಾಲದಲ್ಲಿ ಹಂಚಿಕೊಂಡ ಸರಳ ಕೋಷ್ಟಕವೊಂದು ಸಾಕು. ನೆರೂಳಿನ ಓದುಗನಿಗೆ ಬೇಕಾದ ಪುಸ್ತಕ ಡೊಂಬಿವಲಿಯಲ್ಲಿರಬಹುದು. ಥಾಣೆಯಲ್ಲಿ ಗಾಡಿ ಬದಲಿಸಿ ಹೋಗುವ ಮುನ್ನ ಅದು ಅಲ್ಲಿದೆಯೆಂಬ ಖಾತರಿ ಅವನಿಗಿರಬೇಕು. ನಾಲ್ಕೂ ನಗರಗಳ ಸಂಗ್ರಹಗಳಿಗೆ ಸಂಯುಕ್ತ ಸೂಚಿ ಅಗತ್ಯವೆನ್ನುವುದು ಇದಕ್ಕಾಗಿಯೇ. ಈ ಸಂದರ್ಭದಲ್ಲಿ ಶ್ರೀನಿವಾಸ ಹಾವನೂರರ ಸ್ಮರಣೆ ಸಹಜ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ದುಡಿದು, ಬಳಿಕ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಮುನ್ನಡೆಸಿದ ಅವರಲ್ಲಿ ಗ್ರಂಥಪಾಲಕನ ಶಿಸ್ತೂ ಸಂಶೋಧಕನ ಕುತೂಹಲವೂ ಒಂದಾಗಿದ್ದವು. ಕನ್ನಡ ಸಂಶೋಧನೆಗೆ ಗಣಕಯಂತ್ರವನ್ನು ಒಗ್ಗಿಸಲು ಮೊದಲಾಗಿ ಶ್ರಮಿಸಿದವರಲ್ಲಿ ಅವರೂ ಒಬ್ಬರು.

ಸೂಚಿ ಸಿದ್ಧವಾದ ಮೇಲೆ ಒಂದು ಕಂತಿಗೆ ಒಂದೇ ಪುಸ್ತಕವೆಂಬ ನಿಯಮ ಲೇಸು. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ತೆಗೆದುಕೊಂಡರೆ, ಕಂಪೆನಿಯ ಒಳಸಂಚಿಗೆ ಸಿಕ್ಕ ನಾಗಪ್ಪನ ತಳಮಳ ಇಂದಿನ ಉದ್ಯೋಗಿಗೂ ಅಪರಿಚಿತವಲ್ಲ. ಕಥೆಯನ್ನು ಪೂರ್ತಿ ಹೇಳಿಬಿಡದೆ, ಪುಸ್ತಕ ಯಾವ ಸಂಘದಲ್ಲಿದೆ, ಕಪಾಟು ಯಾವ ವಾರ ಯಾವ ವೇಳೆಗೆ ತೆರೆದಿರುತ್ತದೆ ಎಂಬುದನ್ನು ಹೇಳಿ ಮುಗಿಸಬೇಕು. ಅದೇ ವಿವರ ಕಂತಿನ ಕೆಳಗೆ ಬರಹದಲ್ಲಿಯೂ ಇದ್ದರೆ ಅಂತರ್ಜಾಲದ ಶೋಧಕ್ಕೆ ಅದು ಸುಲಭವಾಗಿ ದೊರೆಯುತ್ತದೆ.

ಇಡೀ ಕೃತಿಯನ್ನು ಓದಿ ಪ್ರಸಾರಮಾಡುವ ಉತ್ಸಾಹಕ್ಕೆ ಮಾತ್ರ ಕಡಿವಾಣ ಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಲೇಖಕನು ತೀರಿಕೊಂಡ ವರ್ಷದ ಅನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 2014ರಲ್ಲಿ ನಿಧನರಾದ ಚಿತ್ತಾಲರ ಕೃತಿಗಳಿಗೆ ಅನುಮತಿ ಬೇಕು. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಮತ್ತು 1963ರಲ್ಲಿ ನಿಧನರಾದ ಗೋವಿಂದ ಪೈಯವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳಿಗೆ ಬೇಡ.

ಇಲ್ಲಿ ಇನ್ನೊಂದು ಕಠಿಣ ಪ್ರಶ್ನೆಯಿದೆ. ಈ ನಗರಗಳಲ್ಲಿ ಬೆಳೆದ ಎರಡನೆಯ, ಮೂರನೆಯ ತಲೆಮಾರಿನ ಅನೇಕರು ಕನ್ನಡವನ್ನು ಕೇಳಿ ತಿಳಿಯಬಲ್ಲರು, ಓದಲಾರರು. ತುಳು ಮನೆಮಾತಾದವರಲ್ಲಿ ಕೇಳಿ ತಿಳಿಯುವುದೂ ಕ್ಷೀಣಿಸುತ್ತಿದೆ. ಇವರು ಕಂತನ್ನು ಆಲಿಸಿ ಸಂತೋಷಪಟ್ಟರೂ ಕಪಾಟಿನ ಬಳಿಗೆ ಬರುವ ಕಾರಣವಿಲ್ಲ. ಶ್ರೋತೃಗಳ ಸಂಖ್ಯೆ ಏರಿ, ಎರವಲು ಹೋದ ಪುಸ್ತಕಗಳ ಸಂಖ್ಯೆ ಇದ್ದಲ್ಲಿಯೇ ಇದ್ದರೆ ಅದನ್ನು ಗ್ರಂಥಾಲಯದ ಯಶಸ್ಸೆಂದು ಎಣಿಸಲಾಗದು. ಪಂಜೆಯವರ ಮಕ್ಕಳ ಕಥೆಯೊಂದನ್ನು ನಿಧಾನವಾಗಿ ಓದಿ, ಅದೇ ಪಾಠವನ್ನು ದಪ್ಪ ಅಕ್ಷರಗಳಲ್ಲಿ ಜೊತೆಗೆ ಒದಗಿಸುವುದು ಒಂದು ಉಪಾಯ. ಕಿವಿ ಕೇಳಿದ ಪದವನ್ನು ಬೆರಳು ಹಿಂಬಾಲಿಸಬೇಕು. ಲೋಕಲ್ ಗಾಡಿಯಲ್ಲಿ ಇದು ಆಗದು, ಭಾನುವಾರ ಸಂಜೆ ಸಂಘದ ಕೋಣೆಯಲ್ಲಿ, ತೆರೆದ ಕಪಾಟಿನ ಎದುರು ಆದೀತು.