ಮೂರನೇ ಸಲ ಗ್ಯಾಸ್ ತುಂಬಿಸಬೇಡಿ

ವಾರಂಟಿ ಮುಗಿದ ಎರಡೇ ತಿಂಗಳಿಗೆ ಕಾರಿನ ಏಸಿ ಕೈಕೊಟ್ಟಿದೆ, ಎರಡು ಸಲ ಗ್ಯಾಸ್ ತುಂಬಿಸಿದರೂ ವಾರದಲ್ಲೇ ಬಿಸಿಗಾಳಿ ಎಂದು ಘಾಟಿ ಸುಬ್ರಹ್ಮಣ್ಯದಿಂದ ಬರೆದಿದ್ದೀರಿ. ಅಡುಗೆ ಸಿಲಿಂಡರಿನ ಹಾಗೆ ಈ ಗ್ಯಾಸ್ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಇಷ್ಟು ಬೇಗ ಖಾಲಿಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ.

ದೊಡ್ಡಬಳ್ಳಾಪುರದ ಕಡೆ ಹೋದಾಗ, ಕಾರ್ ಏಸಿ ಕೆಲಸವನ್ನೇ ಮಾಡುವವರ ಬಳಿ ನೈಟ್ರೋಜನ್ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ರೇಡಿಯೇಟರ್‌ಗಿಂತ ಮುಂದೆ ಕೂತು ರಸ್ತೆಯ ಕಲ್ಲೇಟು ತಿನ್ನುವುದು ಅದೇ. ಗ್ಯಾಸ್ ಜೊತೆ ಎಣ್ಣೆಯೂ ಹರಿಯುವುದರಿಂದ ತೂತಾದ ಕಡೆ ಜಿಡ್ಡು, ಅದರ ಮೇಲೆ ಧೂಳು ಮೆತ್ತಿರುತ್ತದೆ. ಟಾರ್ಚ್ ಹಿಡಿದು ನೀವೇ ನೋಡಬಹುದು. ಒಳಗಿನ ಎವಾಪೊರೇಟರ್ ಸೋರುತ್ತಿದ್ದರೆ ಮಾತ್ರ ಕೂಲಿಯೇ ಭಾರ. ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಮಾಡಿಸಿ, ಕಂಪನಿ ಹೇಳಿದ ಗ್ರಾಂ ತೂಕದಷ್ಟೇ ಗ್ಯಾಸ್ ಹಾಕಿಸಿ. ಅಂದಾಜಿನ ಮೇಲೆ ತುಂಬುವವರ ಹತ್ತಿರ ನಾನಂತೂ ಹೋಗುವುದಿಲ್ಲ.

ಕಂಪನಿಗೂ ಒಂದು ಇಮೇಲ್ ಹಾಕಿ. ಸರ್ವೀಸ್ ದಾಖಲೆ ಸರಿಯಿದ್ದರೆ ಕೆಲವರು ಖರ್ಚಿನ ಒಂದು ಪಾಲು ಭರಿಸುವುದುಂಟು. ಅದು ಅವರ ಔದಾರ್ಯ, ನಿಮ್ಮ ಹಕ್ಕಲ್ಲ. ವಾರಂಟಿ ಇದ್ದಾಗಲೇ ಏಸಿ ದೂರು ಬರೆಸಿದ ಜಾಬ್ ಕಾರ್ಡ್ ಸಿಕ್ಕಿದರೆ ಮಾತೇ ಬೇರೆ: ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು.

ಅಂದಹಾಗೆ, ನಿಮ್ಮೂರ ದನಗಳ ಜಾತ್ರೆಯ ಚಳಿಯಲ್ಲಿ ಏಸಿ ಯಾರಿಗೂ ನೆನಪಾಗದು. ಆಗಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ, ಸೀಲುಗಳು ಒಣಗುವುದಿಲ್ಲ.