ಒಂದೇ ಗಂಟೆ ಇಬ್ಬರಿಗೆ ಮಾರಿದರೆ: ತೋಟದ ಮನೆಯಿಂದ ಎರಡು ಕೆಲಸ ಮಾಡುವವರಿಗೆ ಕಾನೂನು

ಎರಡು ಕಂಪನಿಗಳಲ್ಲಿ ಒಟ್ಟಿಗೆ ಪೂರ್ಣಾವಧಿ ಕೆಲಸ ಮಾಡಿದರೆ ಪೊಲೀಸ್ ಕೇಸಾಗುತ್ತದೆಯೇ? ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆ ತೋಟದ ಮನೆಯಲ್ಲೇ ಕುಳಿತು ಬೆಂಗಳೂರಿನ ಕೆಲಸ ಮಾಡುವ ಯುವಕ ಯುವತಿಯರನ್ನು ಮೊದಲು ಕಾಡುವ ಭಯ ಇದು. ಎರಡು ಕೆಲಸ ಇಟ್ಟುಕೊಂಡ ಮಾತ್ರಕ್ಕೆ ಖಾಸಗಿ ಉದ್ಯೋಗಿಯನ್ನು ಜೈಲಿಗೆ ಕಳಿಸುವ ಕಾನೂನು ನಮ್ಮಲ್ಲಿಲ್ಲ. ಆದರೆ ಕೆಲಸ ಹೋಗಬಹುದು, ಕೆಲವೊಮ್ಮೆ ಎರಡೂ ಹೋಗಬಹುದು. ಮುಚ್ಚಿಟ್ಟು ಮಾಡಿದ್ದರೆ ನಿಮ್ಮ ಪರವಾಗಿ ವಾದಿಸಲು ವಕೀಲರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ವಿಷಯ ಎಲ್ಲರ ಬಾಯಿಗೆ ಬಿದ್ದದ್ದು 2022ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನ ಸ್ವಿಗ್ಗಿ, ಕಚೇರಿ ಸಮಯದ ಹೊರಗೆ ಬೇರೆ ಕೆಲಸ ಮಾಡಲು ತನ್ನ ನೌಕರರಿಗೆ ಷರತ್ತಿನ ಅವಕಾಶ ಕೊಟ್ಟಿತು. ಅದೇ ತಿಂಗಳು ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಹೀಗೆ ಒಂದು ಕೆಲಸದಲ್ಲಿದ್ದುಕೊಂಡೇ ಇನ್ನೊಂದು ಮಾಡುವ ಮೂನ್‌ಲೈಟಿಂಗ್ ಎಂಬುದು ಮೋಸವೇ ಸರಿ ಎಂದರು. ಸೆಪ್ಟೆಂಬರ್‌ನಲ್ಲಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದಿರುವುದಾಗಿ ಬಹಿರಂಗವಾಗಿ ಹೇಳಿದರು. ಇನ್ಫೊಸಿಸ್ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆಯ ಇಮೇಲ್ ಕಳಿಸಿತು. ಅಕ್ಟೋಬರ್‌ನಲ್ಲಿ, ಮೊದಲೇ ಒಪ್ಪಿಗೆ ಪಡೆದರೆ ಹೊರಗಿನ ಬಿಡಿ ಕೆಲಸ ಮಾಡಬಹುದು ಎಂದಿತು. ಒಂದೇ ಊರಿನ ಮೂರು ಕಂಪನಿಗಳು ಮೂರು ದಾರಿ ಹಿಡಿದವು. ಹಾಗಾಗಿ ಪಕ್ಕದ ತೋಟದವನ ಕಂಪನಿ ಸುಮ್ಮನಿದೆ ಎಂಬುದು ನಿಮಗೆ ಆಧಾರವಲ್ಲ. ನಿಮಗೆ ಆಧಾರ ನಿಮ್ಮ ನೇಮಕಾತಿ ಪತ್ರ.

ಆ ಪತ್ರದಲ್ಲಿ ಏನೂ ಬರೆದಿಲ್ಲದಿದ್ದರೂ ಸುಪ್ರೀಂ ಕೋರ್ಟ್‌ನ ಹಳೆಯ ಮಾತೊಂದಿದೆ. 1968ರಲ್ಲಿ, ಬೀಡಿ ಕಾರ್ಖಾನೆಯ ಕಾರ್ಮಿಕರೊಬ್ಬರ ಪ್ರಕರಣದಲ್ಲಿ, ಒಬ್ಬ ಮಾಲೀಕರ ಜೊತೆ ಸೇವೆಯ ಒಪ್ಪಂದ ಜಾರಿಯಲ್ಲಿರುವಾಗ ಇನ್ನೊಬ್ಬರಲ್ಲಿ ಸೇವೆಗೆ ಸೇರಲಾಗದು ಎಂಬುದನ್ನು ಸಾಮಾನ್ಯ ನಿಯಮವೆಂದು ಕೋರ್ಟ್ ಹೇಳಿತು. ಒಪ್ಪಂದದಲ್ಲೇ ಅವಕಾಶವಿದ್ದರೆ ಅಥವಾ ಮಾಲೀಕರು ಒಪ್ಪಿದರೆ ಅಡ್ಡಿಯಿಲ್ಲ. ಕಾರ್ಖಾನೆ ಮತ್ತು ಗಣಿಗಳಿಗೆ ಇದಕ್ಕಿಂತ ಬಿಗಿಯಾದ ನಿಯಮವಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯ 30ನೇ ಸೆಕ್ಷನ್ ಪ್ರಕಾರ, ಹಿಂದಿನ 12 ಗಂಟೆಗಳೊಳಗೆ ಅಂಥದೇ ಇನ್ನೊಂದು ಕಡೆ ದುಡಿದವರನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಐಟಿ ಕಂಪನಿ ಕಾರ್ಖಾನೆಯಲ್ಲ, ಆದ್ದರಿಂದ ಆ ಸೆಕ್ಷನ್ ನಿಮಗೆ ತಾಗುವುದಿಲ್ಲ. ಸರ್ಕಾರಿ ನೌಕರರ ಮಾತು ಬೇರೆ. 2021ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿಯಿಲ್ಲದೆ ಅವರು ಖಾಸಗಿ ಉದ್ಯೋಗಕ್ಕೂ ವ್ಯಾಪಾರಕ್ಕೂ ಇಳಿಯುವಂತಿಲ್ಲ.

“ಬೇರೆ ಕೆಲಸ ಮಾಡಬಾರದು ಎನ್ನುವ ಷರತ್ತೇ ಕಾನೂನುಬಾಹಿರ, ಕರಾರು ಕಾಯ್ದೆಯ 27ನೇ ಸೆಕ್ಷನ್ ಇದೆಯಲ್ಲ” ಎಂದು ವಾದಿಸುವವರಿದ್ದಾರೆ. ಅರ್ಧ ಸರಿ. 1872ರ ಆ ಕಾಯ್ದೆ ಒಬ್ಬರ ವೃತ್ತಿಗೆ ಅಡ್ಡಬರುವ ಒಪ್ಪಂದವನ್ನು ಅನೂರ್ಜಿತವೆನ್ನುತ್ತದೆ. ಕೆಲಸ ಬಿಟ್ಟ ಮೇಲೂ ಬೇರೆ ಕಂಪನಿ ಸೇರಬೇಡ ಎನ್ನುವ ಷರತ್ತು ಅದರಿಂದಾಗಿ ಬಿದ್ದುಹೋಗುತ್ತದೆ. ಆದರೆ ಕೆಲಸದಲ್ಲಿರುವಾಗಿನ ನಿರ್ಬಂಧ ಸಿಂಧು ಎಂದು 1967ರಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ಇತ್ತೀಚಿನ ತೀರ್ಪು ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್‌ಗೆ ಸಂಬಂಧಿಸಿದ್ದು. ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇಡೀ ವಿಷಯದ ತಿರುಳು ಗಂಟೆಯಲ್ಲಿದೆ. ಬೆಳಿಗ್ಗೆ ಒಂಬತ್ತರಿಂದ ಆರರವರೆಗೆ ಒಂದು ಕಂಪನಿಗೆ ದುಡಿದು, ಶನಿವಾರ ಭಾನುವಾರ ಬೇರೆ ಗ್ರಾಹಕರಿಗೆ ವೆಬ್‌ಸೈಟ್ ಕಟ್ಟಿಕೊಟ್ಟವರು ಮಾರಿದ್ದು ತಮ್ಮ ಬಿಡುವನ್ನು. ಅದೇ ಒಂಬತ್ತರಿಂದ ಆರನ್ನು ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಕಂಪನಿಗಳಿಗೆ ಲೆಕ್ಕ ತೋರಿಸಿದವರು ಮಾರಿದ್ದು ಆಗಲೇ ಮಾರಿಯಾಗಿದ್ದ ಸಮಯವನ್ನು. ಮೊದಲನೆಯವರ ಪರ ನಾನು ಯಾವ ಎಚ್‌ಆರ್ ಮುಂದೆಯೂ ಧೈರ್ಯವಾಗಿ ಮಾತಾಡಬಲ್ಲೆ. ಎರಡನೆಯವರಿಗೆ ಇನ್ನೊಂದು ತೊಡಕೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಬರೆದ ಕೋಡ್ ಮಾಲೀಕರದು. ಒಂದೇ ಗಂಟೆಯಲ್ಲಿ ಬರೆದ ಕೋಡ್ ಯಾರದು ಎಂದು ಇಬ್ಬರು ಮಾಲೀಕರು ಕೇಳಿದರೆ ಉತ್ತರಿಸಬೇಕಾದವರು ನೀವು.

ನಮ್ಮ ಬೆಟ್ಟದ ಸೀಮೆಯಲ್ಲಿ ಇದಕ್ಕೆ ಬೇರೆಲ್ಲೂ ಇಲ್ಲದ ಮುಖವೊಂದಿದೆ, ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಅಪ್ಪನ ತೋಟ ನೋಡಿಕೊಳ್ಳುವುದು ಎರಡನೇ ಉದ್ಯೋಗವೇ? ಪಹಣಿಯಲ್ಲಿ ಹೆಸರಿರುವುದು ಆಸ್ತಿ, ಅದು ಉದ್ಯೋಗವಲ್ಲ. ಪಿತ್ರಾರ್ಜಿತ ಜಮೀನು ಇದೆ ಎಂಬ ಕಾರಣಕ್ಕೆ ಯಾರನ್ನೂ ಮೂನ್‌ಲೈಟಿಂಗ್ ಆರೋಪದ ಮೇಲೆ ತೆಗೆಯುವುದು ನ್ಯಾಯವಲ್ಲ. ಆದರೆ ಎಷ್ಟೋ ನೇಮಕಾತಿ ಪತ್ರಗಳಲ್ಲಿ ‘ಯಾವುದೇ ಉದ್ಯೋಗ, ವ್ಯಾಪಾರ ಅಥವಾ ವೃತ್ತಿ’ ಎಂಬ ಅಗಲವಾದ ಸಾಲಿರುತ್ತದೆ. ನಿಮ್ಮ ಹೆಸರಿನಲ್ಲೇ ನೋಂದಣಿಯಾದ ಹೋಂಸ್ಟೇ, ಕಾಫಿ ಪುಡಿ ಬ್ರ್ಯಾಂಡಿನ ಜಿಎಸ್‌ಟಿ, ಮೆಣಸಿನ ವ್ಯಾಪಾರದ ಪಾಲುದಾರಿಕೆ, ಅಣ್ಣನ ಕಂಪನಿಯಲ್ಲಿ ನಿರ್ದೇಶಕ ಸ್ಥಾನ ಎಲ್ಲವೂ ಆ ಸಾಲಿನೊಳಗೆ ಬರುತ್ತವೆ. ಇವು ಪ್ಯಾನ್‌ಗೆ ಅಂಟಿಕೊಂಡಿರುವುದರಿಂದ ಮುಚ್ಚಿಡಲು ಆಗುವುದೂ ಇಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ, ಜನವರಿ ಬಳಿಕ ರೋಬಸ್ಟಾ ಕೂಡಿಕೊಂಡಾಗ, ಕಚೇರಿಯ ವೇಳೆಯಲ್ಲಿ ಕಣದ ಹತ್ತಿರ ನಿಂತು ಹಣ್ಣು ಅಳೆಸುವುದೂ ಗಂಟೆಯ ಪ್ರಶ್ನೆಯೇ. ಅದಕ್ಕೆ ರಜೆ ಹಾಕಿ.

ಕಂಪನಿಗೆ ಸೇರುವಾಗಲೇ ಒಂದು ಇಮೇಲ್ ಕಳಿಸಿದರೆ ಸಾಕು. “ಮೂಡಿಗೆರೆ ತಾಲ್ಲೂಕಿನಲ್ಲಿ ನನ್ನ ಕುಟುಂಬದ ಕಾಫಿ ತೋಟವಿದೆ, ನನ್ನ ಹೆಸರಿನಲ್ಲಿ ಹೋಂಸ್ಟೇ ಇದೆ. ಕೆಲಸದ ಸಮಯದಲ್ಲಿ ಇವುಗಳಲ್ಲಿ ತೊಡಗುವುದಿಲ್ಲ, ಕಂಪನಿಯ ಉಪಕರಣ ಬಳಸುವುದಿಲ್ಲ. ದಯವಿಟ್ಟು ಲಿಖಿತ ಒಪ್ಪಿಗೆ ಕೊಡಿ.” ಇದನ್ನು ಮ್ಯಾನೇಜರ್‌ಗೆ ಮಾತ್ರವಲ್ಲ, ಎಚ್‌ಆರ್‌ಗೂ ಕಳಿಸಿ. ಬಂದ ಉತ್ತರವನ್ನು ನಿಮ್ಮ ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಕೆಲಸದಿಂದ ತೆಗೆದ ದಿನವೇ ಕಂಪನಿಯ ಇಮೇಲ್ ಮುಚ್ಚಿಹೋಗುತ್ತದೆ. ಫೋನಿನಲ್ಲಿ “ಆಯ್ತು ಬಿಡಪ್ಪ” ಎಂದ ಮ್ಯಾನೇಜರ್ ಮುಂದಿನ ವರ್ಷ ಆ ಕುರ್ಚಿಯಲ್ಲಿ ಇರುವುದಿಲ್ಲ.

ಇನ್ನು ತೆರಿಗೆ. ಎರಡು ಸಂಬಳ ತೆಗೆದುಕೊಂಡವರು ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ಲೆಕ್ಕ ನೋಡಿ. 2025–26ರಲ್ಲಿ ಎರಡು ಕಡೆ ತಲಾ 9 ಲಕ್ಷ ಸಂಬಳ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಎರಡೂ ಕಂಪನಿಗಳು ತಮ್ಮ ತಮ್ಮ ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ಕಡಿತ ಮಾಡುವುದಿಲ್ಲ. ನಿಜವಾದ ಆದಾಯ 18 ಲಕ್ಷ. 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದು ಒಂದೇ ಸಲ. ಉಳಿದ 17.25 ಲಕ್ಷದ ಮೇಲೆ ತೆರಿಗೆ 1,45,000, ಸೆಸ್ ಸೇರಿ 1,50,800 ರೂಪಾಯಿ. ಇಷ್ಟೂ ಹಣ ನಿಮ್ಮ ಕೈಯಿಂದ ಹೋಗಬೇಕು, ತಡವಾದರೆ ಬಡ್ಡಿಯೂ ಸೇರುತ್ತದೆ. ಎರಡನೇ ಸಂಬಳದ ವಿವರವನ್ನು ಒಂದು ಕಂಪನಿಗೆ ಕೊಟ್ಟು ಒಟ್ಟು ತೆರಿಗೆಯನ್ನು ಅಲ್ಲೇ ಕಡಿತ ಮಾಡಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಗುಟ್ಟಾಗಿ ದುಡಿಯುವವರಿಗೆ ಆ ದಾರಿ ಉಪಯೋಗಕ್ಕೆ ಬರದು. ಅವರು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು. ಒಂದು ಫಾರ್ಮ್ 16 ತೋರಿಸಿ ಇನ್ನೊಂದನ್ನು ಬಿಟ್ಟರೆ ತಪ್ಪು ಮಾಹಿತಿಗೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು.

ಕಾಫಿಯ ಹಣಕ್ಕೆ ತೆರಿಗೆಯೇ ಇಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬೆಳೆದು ಸ್ವತಃ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯ ತೆರಿಗೆ ನಿಯಮಗಳ ಪ್ರಕಾರ ಆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ತೆರಿಗೆಗೆ ಒಳಪಡುತ್ತದೆ. ಉಳಿದ ಕೃಷಿ ಆದಾಯ 5,000 ರೂಪಾಯಿ ಮೀರಿದ್ದರೆ, ನಿಮ್ಮ ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅದನ್ನೂ ಸೇರಿಸಿಕೊಳ್ಳುತ್ತಾರೆ. ಸಂಬಳವಿರುವ ಬೆಳೆಗಾರರು ಸಂಬಳ, ತೆರಿಗೆಗೆ ಒಳಪಡುವ ಕಾಫಿ ಆದಾಯ, ಉಳಿದ ಕೃಷಿ ಆದಾಯ ಈ ಮೂರನ್ನೂ ಒಂದೇ ರಿಟರ್ನ್‌ನಲ್ಲಿ ತೋರಿಸಬೇಕು.

ಕಂಪನಿಗೆ ಗೊತ್ತಾಗುವುದು ಬಹುತೇಕ ಪಿಎಫ್‌ನಿಂದ. ಯುಎಎನ್ ಎಂಬ ಪಿಎಫ್ ಸಂಖ್ಯೆ ಒಬ್ಬರಿಗೆ ಒಂದೇ; ಎರಡು ಕಂಪನಿಗಳು ಒಂದೇ ತಿಂಗಳು ಹಣ ಕಟ್ಟಿದರೆ ಸೇವಾ ಅವಧಿ ಒಂದರ ಮೇಲೊಂದು ಬಿದ್ದದ್ದು ಕಾಣುತ್ತದೆ. ಆದರೆ ಒಂದನ್ನು ಸ್ಪಷ್ಟವಾಗಿ ತಿಳಿದಿರಿ. ಖಾತೆಗೆ ಬಿದ್ದ ಪಿಎಫ್ ಹಣ ನಿಮ್ಮದೇ, ಶಿಕ್ಷೆಯೆಂದು ಕಂಪನಿ ಅದನ್ನು ತಡೆಯುವಂತಿಲ್ಲ.

ಅಪರಾಧದ ಗೆರೆ ಬೇರೆಡೆ ಇದೆ. ನಕಲಿ ರಿಲೀವಿಂಗ್ ಲೆಟರ್ ಸೃಷ್ಟಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಫೋರ್ಜರಿ. ನಿಮ್ಮ ಹೆಸರಿನಲ್ಲಿ ತಮ್ಮನೋ ಗೆಳೆಯನೋ ಲಾಗಿನ್ ಆಗಿ ಸಂದರ್ಶನ ಕೊಟ್ಟರೆ, ಕೆಲಸ ಮಾಡಿದರೆ, ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಅಡಿ ಸೋಗು ಹಾಕಿ ವಂಚಿಸಿದಂತೆ. ಮೂರು ವರ್ಷದವರೆಗೆ ಸಜೆ ಇದೆ. ಒಂದು ಕಂಪನಿಯ ಗ್ರಾಹಕರ ಮಾಹಿತಿಯನ್ನು ಇನ್ನೊಂದಕ್ಕೆ ದಾಟಿಸಿದರೂ ಜೈಲಿನ ಮಾತು ಬರುತ್ತದೆ. ಈ ಮೂರರಲ್ಲಿ ಯಾವುದನ್ನೂ ಸಣ್ಣದೆಂದು ಎಣಿಸಬೇಡಿ, ಒಡಹುಟ್ಟಿದವರನ್ನು ಇದರೊಳಗೆ ಎಳೆಯಬೇಡಿ.

ಸಿಕ್ಕಿಬಿದ್ದರೂ ಹಕ್ಕುಗಳು ಮುಗಿದುಹೋಗುವುದಿಲ್ಲ. ಎಚ್‌ಆರ್ ದಿಢೀರನೆ ವಿಡಿಯೊ ಕರೆಗೆ ಕರೆದು ಹತ್ತು ನಿಮಿಷದಲ್ಲಿ ರಾಜೀನಾಮೆ ಬರೆಯಿರಿ ಎಂದರೆ ಬರೆಯಬೇಕಾಗಿಲ್ಲ. ಆರೋಪವನ್ನು ಲಿಖಿತವಾಗಿ ಕೇಳಿ, ಉತ್ತರಕ್ಕೆ ಕಾಲಾವಕಾಶ ಕೇಳಿ. ಉತ್ತರದಲ್ಲಿ ಸುಳ್ಳು ಬರೆಯಬೇಡಿ. ಸುಳ್ಳು ಉತ್ತರವೇ ಎರಡನೇ ಆರೋಪವಾಗುತ್ತದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳ ಸೇವೆ ಆಗಿರುವವರನ್ನು ಸಮಂಜಸ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯುವಂತಿಲ್ಲ. ನೋಟಿಸ್ ಬೇಡವಾಗುವುದು ವಿಚಾರಣೆ ನಡೆದು, ದುರ್ನಡತೆಗೆ ಸಾಕ್ಷ್ಯ ದಾಖಲಾಗಿದ್ದರೆ ಮಾತ್ರ. ಆಡಳಿತ ನಡೆಸುವ ಮೇಲಿನ ಹುದ್ದೆಯವರಿಗೆ ಈ ರಕ್ಷಣೆ ಸಿಗದು.

ವೇತನ ಸಂಹಿತೆಯ ಪ್ರಕಾರ, ತೆಗೆದರೂ ನೀವೇ ಬಿಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. “ನಮಗೆ ನಷ್ಟವಾಗಿದೆ” ಎಂದು ಅದನ್ನು ಮನಸ್ಸಿಗೆ ಬಂದಂತೆ ಮುರಿದುಕೊಳ್ಳುವ ಹಾಗಿಲ್ಲ. ಕಾನೂನು ಹೇಳಿದ ಕಡಿತಗಳಿಗಷ್ಟೇ ಅವಕಾಶ. ಅದರಾಚೆಗಿನ ಪರಿಹಾರ ಬೇಕಿದ್ದರೆ ಕಂಪನಿ ನ್ಯಾಯಾಲಯದಲ್ಲಿ ಕೇಳಲಿ. ಸಂಬಳ ಬಾಕಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ತಾಂತ್ರಿಕ ಕೆಲಸ ಮಾಡುವ, ಮ್ಯಾನೇಜರ್ ಅಲ್ಲದ ನೌಕರರು ವಜಾದ ವಿರುದ್ಧ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಅದಕ್ಕೆ ಎರಡು ವರ್ಷದ ಗಡುವಿದೆ.

ಕಳಸದಲ್ಲಿ ಕುಳಿತು ದುಡಿದಿದ್ದರಿಂದ ಸಿವಿಲ್ ದಾವೆಯನ್ನೂ ಇಲ್ಲೇ ಹೂಡಬಹುದು ಎಂದುಕೊಳ್ಳಬೇಡಿ. ನೇಮಕಾತಿ ಪತ್ರದ ಕೊನೆಯ ಪುಟದಲ್ಲಿ ‘ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ’ ಅಥವಾ ‘ಮುಂಬೈಗೆ ಮಾತ್ರ’ ಎಂದಿದ್ದರೆ ಅದು ನಿಲ್ಲುತ್ತದೆ ಎಂದು 2025ರ ಏಪ್ರಿಲ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಹಿ ಹಾಕುವ ಮುಂಚೆ ಆ ಪುಟ ಓದಿ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಬಹುದು, ಇಲ್ಲವೇ ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಹೋಗುವಾಗ ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಕಂಪನಿಯ ನೋಟಿಸ್, ನೀವು ಕೊಟ್ಟ ಉತ್ತರ, ಲ್ಯಾಪ್‌ಟಾಪ್ ಹಿಂದಿರುಗಿಸಿದ ಕೊರಿಯರ್ ರಸೀದಿ ಇವಿಷ್ಟೂ ಜೊತೆಯಲ್ಲಿರಲಿ.